ಆಕ್ಟಿವ್ ಸ್ಪೀಕರಿನಲ್ಲಿ ಫರ್ಮ್‌ವೇರ್ ಬದಲಾದರೆ ಧ್ವನಿ ಬದಲಾಗುವುದೆಲ್ಲಿ?

ಯಕ್ಷಗಾನದ ಒಂದು ರೆಕಾರ್ಡಿಂಗಿನಲ್ಲಿ ಚೆಂಡೆಗೆ ಬೀಳುವ ಒಂದೇ ಒಂದು ಪೆಟ್ಟನ್ನು ತೆಗೆದುಕೊಳ್ಳೋಣ. ಕೋಲು ಚರ್ಮಕ್ಕೆ ತಾಗಿದ ಮೊದಲ 10 ಮಿಲಿಸೆಕೆಂಡಿನಲ್ಲಿ ನಡೆಯುವುದೆಲ್ಲ ಸಿಡಿ ಗುಣಮಟ್ಟದ ಫೈಲಿನಲ್ಲಿ 441 ಸಂಖ್ಯೆಗಳಾಗಿ ಕೂತಿರುತ್ತದೆ. ಎಡಕ್ಕೆ 441, ಬಲಕ್ಕೆ 441, ಒಂದೊಂದೂ 16 ಬಿಟ್. ಹಿಂದಿನ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಜೋಡಿಯಲ್ಲಿ ಈ ಸಂಖ್ಯೆಗಳು ಸಿಡಿ ಪ್ಲೇಯರಿನಿಂದ ಹೊರಗೆ ಬರುವಾಗಲೇ ವೋಲ್ಟೇಜ್ ಆಗಿಬಿಡುತ್ತಿದ್ದವು. ಆಮೇಲೆ ಉಳಿಯುತ್ತಿದ್ದದ್ದು ತಂತಿ, ಕಾಯಿಲ್, ಕೆಪಾಸಿಟರ್ ಮಾತ್ರ. ಆಕ್ಟಿವ್ ಸ್ಪೀಕರಿನಲ್ಲಿ ಸಂಖ್ಯೆಗಳು ಸಂಖ್ಯೆಗಳಾಗಿಯೇ ಪೆಟ್ಟಿಗೆಯ ಒಳಗೆ ಹೋಗುತ್ತವೆ. ಅಲ್ಲಿ ಡಿಎಸ್‌ಪಿ ಚಿಪ್ ಅವನ್ನು ಗುಣಿಸಿ, ಕೂಡಿಸಿ, ಎರಡು ಪಾಲು ಮಾಡುತ್ತದೆ. ಒಂದು ಪಾಲು ಮೇಲಿನ ಸ್ವರ ನುಡಿಸುವ ಟ್ವೀಟರಿಗೆ, ಇನ್ನೊಂದು ಕೆಳಗಿನ ಸ್ವರದ ವೂಫರಿಗೆ. ಎರಡಕ್ಕೂ ಬೇರೆ ಬೇರೆ ಡಿಎಸಿ (ಸಂಖ್ಯೆಯನ್ನು ವೋಲ್ಟೇಜ್ ಮಾಡುವ ಚಿಪ್), ಬೇರೆ ಬೇರೆ ಆಂಪ್ಲಿಫೈಯರ್. ಯಾವುದರಿಂದ ಗುಣಿಸಬೇಕು, ಎಲ್ಲಿ ಪಾಲು ಮಾಡಬೇಕು, ಎಷ್ಟು ಜೋರಾದಾಗ ತಡೆಯಬೇಕು ಎಂಬುದೆಲ್ಲ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದಿಟ್ಟದ್ದು. ಅದೇ ಫರ್ಮ್‌ವೇರ್.

ಹಾಗಾಗಿ ಫರ್ಮ್‌ವೇರ್ ಹೊಸದಾದರೆ ಧ್ವನಿ ನಿಜವಾಗಿಯೂ ಬದಲಾಗಬಹುದು. ಆದರೆ ಬದಲಾಗುವ ಜಾಗಗಳು ಕೆಲವೇ. ಒಂದೊಂದು ಜಾಗದ ಬದಲಾವಣೆಗೂ ಅದರದೇ ಗುರುತು ಉಂಟು. ಆ ಗುರುತು ತಿಳಿಯದಿದ್ದರೆ ಕೇಬಲ್ಲಿನ ದೋಷ ಫರ್ಮ್‌ವೇರಿನ ತಲೆಗೆ ಬರುತ್ತದೆ, ಅಳಿಸಿಹೋದ ಸೆಟ್ಟಿಂಗಿಗೆ ‘ಹೊಸ ವರ್ಷನ್ ಬಾಸ್ ತಿಂದು ಹಾಕಿತು’ ಎಂಬ ಹೆಸರು ಬೀಳುತ್ತದೆ. ಮಂಗಳೂರು, ಉಡುಪಿಯ ಕಡೆ ಇದರ ಜೊತೆಗೆ ಉಪ್ಪುಗಾಳಿ, ಸಿಡಿಲು ಮತ್ತು ಹೋಗಿಬರುವ ಕರೆಂಟೂ ಸೇರಿಕೊಳ್ಳುತ್ತವೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಪ್ಲಗ್ ಇರುವ ಸ್ಪೀಕರೆಲ್ಲ ಆಕ್ಟಿವ್ ಅಲ್ಲ. ಒಳಗೆ ಒಂದೇ ಆಂಪ್ಲಿಫೈಯರ್ ಇಟ್ಟು, ಅದರ ಆಚೆ ಸ್ವರಗಳನ್ನು ಪಾಲು ಮಾಡುವ, ಕಾಯಿಲ್ ಮತ್ತು ಕೆಪಾಸಿಟರಿನ ಹಳೆಯ ಕ್ರಾಸ್‌ಓವರನ್ನೇ ಉಳಿಸಿಕೊಂಡದ್ದು ಪವರ್ಡ್ ಸ್ಪೀಕರ್. ಅಲ್ಲಿ ಅಪ್‌ಡೇಟ್ ಎಂದರೆ ಬಹುಪಾಲು ಬ್ಲೂಟೂತ್ ಅಥವಾ ವೈಫೈ ಮಾಡ್ಯೂಲಿನದ್ದು; ಕ್ರಾಸ್‌ಓವರ್ ಅದರಿಂದ ಅಲುಗಾಡುವುದಿಲ್ಲ. ಒಂದು ಡ್ರೈವರಿಗೆ (ಟ್ವೀಟರ್ ಅಥವಾ ವೂಫರಿಗೆ) ಒಂದು ಆಂಪ್ಲಿಫೈಯರ್, ಅದರ ಹಿಂದೆ ಡಿಎಸ್‌ಪಿ ಇದ್ದರೆ ಮಾತ್ರ ಮುಂದೆ ಹೇಳುವುದೆಲ್ಲ ಪೂರ್ತಿ ಅನ್ವಯಿಸುತ್ತದೆ.

ಕೇಬಲ್ಲಿನೊಳಗೆ

ಆಪ್ಟಿಕಲ್ ಇರಲಿ, ಕೋಆಕ್ಸಿಯಲ್ ಇರಲಿ, ಟಿವಿಯಿಂದಲೋ ಸಿಡಿ ಪ್ಲೇಯರಿನಿಂದಲೋ ಬರುವುದು ಎಸ್‌ಪಿಡಿಫ್ ಎಂಬ ಒಂದೇ ಭಾಷೆ. ಒಂದು ಸ್ಯಾಂಪಲ್ಲಿಗೆ, ಎಂದರೆ ಧ್ವನಿಯ ಒಂದು ಸಂಖ್ಯೆಗೆ, 32 ಬಿಟ್‌ನ ಜಾಗ. ಅದರಲ್ಲಿ ಮೊದಲ 4 ‘ಇಲ್ಲಿಂದ ಶುರು’ ಎಂದು ಹೇಳಲಿಕ್ಕೆ, 24 ಧ್ವನಿಗೆ, ಉಳಿದ 4 ಗುರುತು ಮತ್ತು ತಪಾಸಣೆಗೆ. ಎರಡು ಚಾನೆಲ್ ಸೇರಿ 64. ಸೆಕೆಂಡಿಗೆ 44,100 ಸಲ ಎಂದರೆ 28,22,400 ಬಿಟ್. ಇದರಲ್ಲಿ ತಪ್ಪನ್ನು ಗುರುತಿಸಲು ಒಂದು ಪ್ಯಾರಿಟಿ ಬಿಟ್ ಇದೆ, ಸರಿಪಡಿಸುವ ವ್ಯವಸ್ಥೆ ಇಲ್ಲ, ಮರಳಿ ಕಳುಹಿಸು ಎಂದು ಕೇಳುವ ದಾರಿಯೂ ಇಲ್ಲ. ತಪ್ಪು ಸಿಕ್ಕಿದರೆ ಸ್ಪೀಕರ್ ಹಿಂದಿನ ಸ್ಯಾಂಪಲ್ಲನ್ನೇ ಹಿಡಿದುಕೊಳ್ಳುತ್ತದೆ ಅಥವಾ ಬಾಯಿ ಮುಚ್ಚುತ್ತದೆ.

ಆದ್ದರಿಂದ ಕೇಬಲ್ ಕೆಟ್ಟಾಗ ಕೇಳುವುದು ಟಕ್ ಎಂಬ ಸದ್ದು, ಅರ್ಧ ಸೆಕೆಂಡಿನ ಮೌನ, ಇಲ್ಲವೇ ಪೂರಾ ನಿಶ್ಶಬ್ದ. ‘ಬಾಸ್ ಸಡಿಲವಾಯಿತು’, ‘ಮೇಲಿನ ಸ್ವರ ಮಂಕಾಯಿತು’ ಎಂಬುದು ಬಿಟ್ ತಪ್ಪಿದ್ದರ ಲಕ್ಷಣವೇ ಅಲ್ಲ. ಅನಲಾಗ್ ಕೇಬಲ್ಲಿನ ಅನುಭವವನ್ನು ಇಲ್ಲಿಗೆ ತಂದು ಹಚ್ಚುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಆಪ್ಟಿಕಲ್ ಕೇಬಲ್ ಹೊಸದಾಗಿ ತಂದಾಗ ಎರಡೂ ತುದಿಗೆ ಪುಟ್ಟ ಪ್ಲಾಸ್ಟಿಕ್ ಟೊಪ್ಪಿ ಇರುತ್ತದೆ. ಅದು ಪಾರದರ್ಶಕವಾಗಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಟೊಪ್ಪಿ ಸಮೇತ ಒತ್ತಿದರೆ ಪ್ಲಗ್ ಅರ್ಧ ಒಳಗೆ ಹೋಗಿ ನಿಲ್ಲುತ್ತದೆ. ಬೆಳಕು ಸ್ವಲ್ಪ ದಾಟುತ್ತದೆ, 44.1 ಕಿಲೋಹರ್ಟ್ಸ್ ಹೇಗೋ ನಡೆಯುತ್ತದೆ, 96 ಬಂದ ಕೂಡಲೇ ಕಡಿಯುತ್ತದೆ. ಸರಿಯಾಗಿ ಕೂತ ಪ್ಲಗ್ ಸಣ್ಣ ಕ್ಲಿಕ್ ಕೊಡುತ್ತದೆ, ಎಳೆದರೆ ಹಿಡಿದಂತೆ ಆಗುತ್ತದೆ. ಇನ್ನೊಂದು ತುದಿಯನ್ನು ತೆಗೆದು ನೋಡಿದರೆ ಕೆಂಪು ಬೆಳಕು ಗುಂಡಗೆ ಸ್ಪಷ್ಟವಾಗಿ ಕಾಣಬೇಕು. ಮಳೆಗಾಲದಲ್ಲಿ ತುದಿಯ ಮೇಲೆ ಬೂಷ್ಟಿನಂತಹ ತೆಳು ಪೊರೆ ಕೂರುವುದುಂಟು. ಕನ್ನಡಕ ಒರೆಸುವ ಒಣ ಬಟ್ಟೆಯಿಂದಲೇ ಒರೆಸಿ. ಪ್ಲಾಸ್ಟಿಕ್ ಫೈಬರ್ ಆದ್ದರಿಂದ ತಿನ್ನರ್, ಅಸಿಟೋನ್ ಹತ್ತಿರ ತರಬಾರದು. ಗೋಡೆಯ ಮೂಲೆಯಲ್ಲಿ ಚೂಪಾಗಿ ಮಡಚಿದರೆ ಒಳಗೆ ಬಿರುಕು ಬೀಳುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಸಾಮಾನ್ಯ ಆಪ್ಟಿಕಲ್ ಪೋರ್ಟಿಗೆ 96 ಕಿಲೋಹರ್ಟ್ಸ್ ನಂಬಿಕೆಯ ಮಿತಿ. 192 ಕೆಲವು ಜೋಡಿಗಳಲ್ಲಿ ಮಾತ್ರ ನಿಲ್ಲುತ್ತದೆ, ಅದೂ ಗಿಡ್ಡ ಕೇಬಲ್ಲಿನಲ್ಲಿ.

ಕೋಆಕ್ಸಿಯಲ್ಲಿಗೆ 75 ಓಮ್ ಕೇಬಲ್ ಬೇಕು. ಒಂದೆರಡು ಮೀಟರಿಗೆ ಮಾಮೂಲಿ ಆರ್‌ಸಿಎ ತಂತಿಯೂ ನಡೆದುಹೋಗುತ್ತದೆ. ಆದರೆ ಮಲ್ಪೆ, ಪಣಂಬೂರು, ಉಳ್ಳಾಲದಂತಹ ಕಡಲಂಚಿನಲ್ಲಿ ಕೇಬಲ್ಲಿಗಿಂತ ಮೊದಲು ಸಾಕೆಟ್ ನೋಡಬೇಕು. ಅಗ್ಗದ ಸಾಕೆಟ್ಟಿನ ಲೇಪ ಸವೆದರೆ ಅಡಿಯ ಹಿತ್ತಾಳೆ ಕಾಣುತ್ತದೆ, ಅದರ ಮೇಲೆ ಹಸಿರು ಪುಡಿ ಹಿಡಿಯುತ್ತದೆ. ಹೊರಗಿನ ರಿಂಗಿನ ಸಂಪರ್ಕ ಬಿಟ್ಟು ಬಿಟ್ಟು ಆದಾಗ ಸದ್ದು ಕಡಿಯುತ್ತದೆ, ಪ್ಲಗ್ ತಿರುಗಿಸಿದರೆ ಸರಿಯಾಗುತ್ತದೆ, ಎರಡು ದಿನ ಬಿಟ್ಟು ಮತ್ತೆ ಅದೇ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಕಡ್ಡಿಗೆ ತಾಗಿಸಿ ಒರೆಸಿ, ಹತ್ತು ನಿಮಿಷ ಒಣಗಲು ಬಿಟ್ಟು ಜೋಡಿಸಿ. ಮರಳು ಕಾಗದದಿಂದ ಉಜ್ಜಿದರೆ ಉಳಿದ ಲೇಪವೂ ಹೋಗಿ ಮುಂದಿನ ಮಳೆಗಾಲದಲ್ಲಿ ಇನ್ನೂ ಬೇಗ ಹಸಿರಾಗುತ್ತದೆ.

ಟಿವಿಯಿಂದ ಆಪ್ಟಿಕಲ್ ಹಾಕಿ ಏನೂ ಕೇಳದಿದ್ದರೆ, ಅಥವಾ ಬರೀ ಕರಕರ ಸದ್ದು ಬಂದರೆ, ಟಿವಿ ಡಾಲ್ಬಿ ಬಿಟ್‌ಸ್ಟ್ರೀಮ್ ಕಳುಹಿಸುತ್ತಿರುತ್ತದೆ. ಎರಡು ಚಾನೆಲ್ಲಿನ ಸ್ಪೀಕರಿಗೆ ಅದು ಅರ್ಥವಾಗುವುದಿಲ್ಲ. ಟಿವಿಯ ಆಡಿಯೋ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು ಪಿಸಿಎಂ (ಧ್ವನಿಯ ನೇರ ಸಂಖ್ಯೆಗಳು) ಮಾಡಿ. ಟಿವಿಗೂ ತನ್ನದೇ ಅಪ್‌ಡೇಟ್ ಬರುತ್ತದೆ, ಬಂದ ರಾತ್ರಿ ಈ ಆಯ್ಕೆ ತಾನೇ ‘ಆಟೋ’ಗೆ ಹಾರುವುದುಂಟು. ಸ್ಪೀಕರ್ ಹಾಳಾಯಿತೆಂದು ಹೊತ್ತೊಯ್ಯುವ ಮೊದಲು ಇದನ್ನೊಮ್ಮೆ ನೋಡಿ.

ಯುಎಸ್‌ಬಿಯಲ್ಲಿ ಬಿಟ್‌ಗಿಂತ ನೆಲದ ತಂತಿ ತೊಂದರೆ ಕೊಡುತ್ತದೆ. ಲ್ಯಾಪ್‌ಟಾಪ್ ಚಾರ್ಜರಿನ ಗೊಣಗು ಗ್ರೌಂಡಿನ ಮೂಲಕ ಸ್ಪೀಕರಿನ ಅನಲಾಗ್ ಭಾಗಕ್ಕೆ ದಾಟುತ್ತದೆ. ಮೌಸ್ ಅಲುಗಾಡಿಸಿದಾಗ ಚಿರ್ ಎಂದರೆ, ಚಾರ್ಜರ್ ಕಿತ್ತಾಗ ನಿಂತರೆ, ಕಾರಣ ಅದೇ. ಆಪ್ಟಿಕಲ್ಲಿಗೆ ಹೋದರೆ ಲೋಹದ ಸಂಪರ್ಕವೇ ಇರುವುದಿಲ್ಲ. ಕೇಬಲ್ ಬದಲಿಸಿ ಹಣ ಕಳೆಯುವುದಕ್ಕಿಂತ ಇದು ಎಷ್ಟೋ ಮೇಲು.

ವೈಫೈ ಬೇರೆಯೇ ಜಾತಿ. ಇಲ್ಲಿ ಕಳೆದುಹೋದದ್ದನ್ನು ಮರಳಿ ಕೇಳಬಹುದು, ಬಫರಿನಲ್ಲಿ ಕೂಡಿಟ್ಟು ನುಡಿಸಬಹುದು. ಸಿಡಿ ಗುಣಮಟ್ಟಕ್ಕೆ ಸೆಕೆಂಡಿಗೆ 1.4 ಮೆಗಾಬಿಟ್, 24 ಬಿಟ್ 96 ಕಿಲೋಹರ್ಟ್ಸಿಗೆ 4.6. ಯಾವ ಬ್ರಾಡ್‌ಬ್ಯಾಂಡಿಗೂ ಇದು ಭಾರವಲ್ಲ. ತೊಂದರೆ ಕೆಂಪುಕಲ್ಲಿನ ದಪ್ಪ ಗೋಡೆಯದ್ದು. ಮಳೆಗಾಲದಲ್ಲಿ ನೀರು ಕುಡಿದ ಗೋಡೆ 5 ಗಿಗಾಹರ್ಟ್ಸನ್ನು ಇನ್ನೂ ಹೆಚ್ಚು ನುಂಗುತ್ತದೆ. ಬೇಸಿಗೆಯಲ್ಲಿ ಸರಿ ಇದ್ದ ಸ್ಪೀಕರ್ ಜುಲೈಯಲ್ಲಿ ಕಡಿಯತೊಡಗಿದರೆ ಮೊದಲು ಎರಡು ಕೋಣೆಗಳ ನಡುವೆ ಲ್ಯಾನ್ ಕೇಬಲ್ ಎಳೆದು ನೋಡಬೇಕು.

ಗಡಿಯಾರದ ಲೆಕ್ಕ

ಸಂಖ್ಯೆ ಸರಿಯಿದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಬರಬೇಕು. ಹೊತ್ತಿನ ಈ ತುಯ್ದಾಟವೇ ಜಿಟ್ಟರ್. ಲೆಕ್ಕದ ಪ್ರಕಾರ 20 ಕಿಲೋಹರ್ಟ್ಸಿನ ಪೂರ್ಣ ಮಟ್ಟದ ಸ್ವರದಲ್ಲಿ 16 ಬಿಟ್‌ನ ಕೊನೆಯ ಬಿಟ್ ಕೆಡದಿರಲು ತಪ್ಪು 120 ಪಿಕೊಸೆಕೆಂಡಿನ ಒಳಗಿರಬೇಕು. ಸಂಗೀತದಲ್ಲಿ ಕಿವಿಗೆ ತಿಳಿಯುವ ಮಟ್ಟ ಇದಕ್ಕಿಂತ ಬಹಳ ಮೇಲೆ, ನ್ಯಾನೊಸೆಕೆಂಡುಗಳಲ್ಲಿ. ಅದಕ್ಕಿಂತ ಮುಖ್ಯವಾಗಿ, ಹೆಚ್ಚಿನ ಡಿಎಸ್‌ಪಿ ಸ್ಪೀಕರುಗಳು ಹೊರಗಿನ ಗಡಿಯಾರವನ್ನು ನೇರವಾಗಿ ನಂಬುವುದೇ ಇಲ್ಲ. ಬಂದದ್ದು 44.1 ಇರಲಿ 192 ಇರಲಿ, ಎಲ್ಲವನ್ನೂ 48 ಅಥವಾ 96ಕ್ಕೆ ಮರುಲೆಕ್ಕ ಹಾಕಿ ತಮ್ಮದೇ ಗಡಿಯಾರದಲ್ಲಿ ನಡೆಸುತ್ತವೆ. ಅಂಥ ಸ್ಪೀಕರಿಗೆ 192 ಕಿಲೋಹರ್ಟ್ಸಿನ ಫೈಲ್ ಹುಡುಕಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ಕ್ರಾಸ್‌ಓವರ್ ಒಂದು ನಿಗದಿತ ದರದಲ್ಲೇ ಬರೆದದ್ದಾದ್ದರಿಂದ ಈ ಮರುಲೆಕ್ಕ ಅನಿವಾರ್ಯ, ಅದು ಕುಂದಲ್ಲ.

ಮರುಲೆಕ್ಕ ಇಲ್ಲದೆ ಬಫರಿನ ಮೇಲೆ ನಿಂತ ವಿನ್ಯಾಸಗಳಲ್ಲಿ ಒಂದು ವಿಶಿಷ್ಟ ದೋಷ ಬರುತ್ತದೆ. ಕಳುಹಿಸುವವನ ಮತ್ತು ನುಡಿಸುವವನ ಗಡಿಯಾರದ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದೆ ಎಂದುಕೊಳ್ಳಿ. 44,100ರಲ್ಲಿ ಅದು ಸೆಕೆಂಡಿಗೆ 2.2 ಸ್ಯಾಂಪಲ್. ಬಫರಿನಲ್ಲಿ 512 ಸ್ಯಾಂಪಲ್ಲಿನ ಜಾಗವಿದ್ದರೆ 232 ಸೆಕೆಂಡಿಗೆ ಅದು ತುಂಬಿ ಉಕ್ಕುತ್ತದೆ, ಇಲ್ಲವೇ ಬರಿದಾಗುತ್ತದೆ. ಹೆಚ್ಚು ಕಡಿಮೆ ನಾಲ್ಕು ನಿಮಿಷಕ್ಕೊಂದು ಟಕ್. ಸದ್ದು ಕೇಳಿದಾಗಲೆಲ್ಲ ಹೊತ್ತು ಬರೆದಿಡಿ. ಅಂತರ ಒಂದೇ ಸಮನಿದ್ದರೆ ಗಡಿಯಾರ ಮತ್ತು ಬಫರಿನ ವಿಷಯ, ಫರ್ಮ್‌ವೇರಿನಿಂದ ಸರಿಯಾಗಬಹುದಾದದ್ದು. ಫ್ರಿಜ್ ಅಥವಾ ಬಾವಿಯ ಪಂಪ್ ಚಾಲೂ ಆದಾಗ ಮಾತ್ರ ಬಂದರೆ ವಿದ್ಯುತ್ತಿನದ್ದು. ಎಷ್ಟು ವರ್ಷನ್ ಬದಲಿಸಿದರೂ ಹೋಗುವುದಿಲ್ಲ.

ಡಿಎಸ್‌ಪಿ ಎಂಬ ಅಡುಗೆಮನೆ

ಧ್ವನಿಯ ಸ್ವಭಾವ ನಿಜವಾಗಿ ಬದಲಾಗುವುದು ಇಲ್ಲಿ. ಚೆಂಡೆಯ ಪೆಟ್ಟು ಒಳಗೆ ಬಂದ ಕೂಡಲೇ ಅದನ್ನು ಫಿಲ್ಟರುಗಳ ಸಾಲೊಂದು ಎದುರುಗೊಳ್ಳುತ್ತದೆ. ಒಂದೊಂದು ಸಣ್ಣ ಫಿಲ್ಟರ್ ಎಂದರೆ ಐದು ಸಂಖ್ಯೆ ಅಷ್ಟೇ. ಆ ಐದರಲ್ಲಿ ಒಂದನ್ನು ತುಸು ತಿದ್ದಿದರೆ ಕ್ರಾಸ್‌ಓವರಿನ ಜಾಗ ಜರುಗುತ್ತದೆ, 3 ಕಿಲೋಹರ್ಟ್ಸಿನ ಉಬ್ಬು ತಗ್ಗುತ್ತದೆ. ಪೆಟ್ಟಿಗೆ ಬಿಚ್ಚದೆ, ಬೆಸುಗೆ ಹಾಕದೆ, ಕಾಯಿಲ್ ಬದಲಿಸಿದ ಹಾಗೆ. ತಯಾರಕರು ಅಪ್‌ಡೇಟಿನ ಟಿಪ್ಪಣಿಯಲ್ಲಿ ‘ಟ್ಯೂನಿಂಗ್ ಬದಲಾವಣೆ’, ‘ಈಕ್ಯೂ ಸುಧಾರಣೆ’ ಎಂದು ಬರೆದಿದ್ದರೆ ಧ್ವನಿ ಬೇರೆಯಾಗುವುದು ಖಂಡಿತ. ‘ಆ್ಯಪ್ ಸಂಪರ್ಕ ಸ್ಥಿರಗೊಳಿಸಲಾಗಿದೆ’ ಎಂದಷ್ಟೇ ಇದ್ದರೆ ಫಿಲ್ಟರನ್ನು ಯಾರೂ ಮುಟ್ಟಿರಲಿಕ್ಕಿಲ್ಲ. ಒಂದು ಸ್ಪೀಕರಿನಲ್ಲಿ ಮೂರು ನಾಲ್ಕು ಚಿಪ್ಪುಗಳಿಗೆ ಬೇರೆ ಬೇರೆ ಫರ್ಮ್‌ವೇರ್ ಇರುತ್ತದೆ: ನಿಯಂತ್ರಣದ ಮೈಕ್ರೊಕಂಟ್ರೋಲರ್, ಡಿಎಸ್‌ಪಿ, ವೈಫೈ, ಬ್ಲೂಟೂತ್. ಯಾವುದು ಬದಲಾಯಿತು ಎಂದು ನೋಡದೆ ಕಿವಿಯನ್ನು ನಂಬಿದರೆ ಎಡವುತ್ತೇವೆ.

ಎರಡನೆಯದು ಮಟ್ಟದ ಲೆಕ್ಕ. ಇಂದಿನ ಹಾಡುಗಳನ್ನು ಡಿಜಿಟಲ್ ಮಿತಿಯ ತುದಿಯವರೆಗೆ ಏರಿಸಿಯೇ ಬಿಡುಗಡೆ ಮಾಡುತ್ತಾರೆ. ಎರಡು ಸ್ಯಾಂಪಲ್ಲುಗಳ ನಡುವೆ ನಿಜವಾದ ಅಲೆ ಆ ಮಿತಿಯನ್ನೂ ದಾಟಿರುತ್ತದೆ. ಮರುಲೆಕ್ಕ ಹಾಕುವಾಗ ಆ ತುದಿ ಹೊರಬಂದು, ಮೇಲೆ ಜಾಗವಿಲ್ಲದೆ ಕತ್ತರಿಸಿಹೋಗುತ್ತದೆ. ಕೇಳಲಿಕ್ಕೆ ಜೋರು ಹಾಡಿನಲ್ಲಿ ಸಣ್ಣ ಒರಟು. ಅಪ್‌ಡೇಟಿನಲ್ಲಿ ಆರಂಭದಲ್ಲೇ 3 ಡಿಬಿ (ಡೆಸಿಬೆಲ್) ಇಳಿಸಿ ಜಾಗ ಮಾಡಿಕೊಟ್ಟರೆ ಒರಟು ಹೋಗುತ್ತದೆ, ಜೊತೆಗೆ ಎಲ್ಲವೂ 3 ಡಿಬಿ ಮೆಲ್ಲಗಾಗುತ್ತದೆ. ಆಗ ಬಳಕೆದಾರರು ‘ಶಕ್ತಿ ಕಡಿಮೆಯಾಯಿತು’ ಎನ್ನುತ್ತಾರೆ. ವಾಲ್ಯೂಮ್ 3 ಡಿಬಿ ಏರಿಸಿ ಕೇಳಿದರೆ ಹಿಂದಿಗಿಂತ ಚೆನ್ನಾಗಿರುತ್ತದೆ. ಡಿಎಸ್‌ಪಿಯ ಒಳಗೆ ಜಾಗ ಬಿಡುವುದು ಹೊಸ ಸಂಗತಿಯಲ್ಲ. ಅಗ್ಗದ ಸ್ಪೀಕರುಗಳಲ್ಲೂ ಸಿಗುವ ಅನಲಾಗ್ ಡಿವೈಸಸ್‌ನ ಎಡಿಎಯು1701 ಚಿಪ್ಪಿನ ಸಂಖ್ಯಾಕ್ರಮದಲ್ಲೇ 24 ಡಿಬಿ ಹೆಚ್ಚುವರಿ ಜಾಗವಿದೆ. ಆದರೆ ಆ ಜಾಗ ಚಿಪ್ಪಿನೊಳಗೆ ಮಾತ್ರ, ಹೊರಗೆ ಡಿಎಸಿಗೆ ಹೋಗುವಾಗ ಮತ್ತೆ ಮಿತಿ ಬಂದೇ ಬರುತ್ತದೆ.

ಡಿಜಿಟಲ್ ವಾಲ್ಯೂಮ್ ಇಳಿಸಿದರೆ ಬಿಟ್ ಕಳೆದುಹೋಗುತ್ತದೆ ಎಂಬ ಹೆದರಿಕೆಗೂ ಇಲ್ಲೇ ಉತ್ತರ. 6 ಡಿಬಿಗೆ ಒಂದು ಬಿಟ್. 30 ಡಿಬಿ ಇಳಿಸಿದರೆ 5 ಬಿಟ್ ಕೆಳಕ್ಕೆ ಸರಿಯುತ್ತದೆ. 16 ಬಿಟ್‌ನ ಹಾಡು 24 ಬಿಟ್‌ನ ದಾರಿಯಲ್ಲಿ ಹೋಗುವಾಗ ಕೆಳಗೆ 8 ಬಿಟ್ ಖಾಲಿ ಇದೆ, 5 ಸರಿದರೂ ಏನೂ ಚೆಲ್ಲುವುದಿಲ್ಲ. ಚೆಲ್ಲುವುದು ಕಂಪ್ಯೂಟರಿನ ಔಟ್‌ಪುಟ್ಟನ್ನು 16 ಬಿಟ್‌ಗೆ ಇಟ್ಟು ಅಲ್ಲೇ ವಾಲ್ಯೂಮ್ ಇಳಿಸಿದಾಗ. ಕಂಪ್ಯೂಟರ್ ಪೂರ್ತಿ ಮೇಲೆ, ಸ್ಪೀಕರಿನಲ್ಲಿ ಇಳಿಸುವುದು ಸರಿಯಾದ ಕ್ರಮ.

ಮೂರನೆಯದು ಲಿಮಿಟರ್, ಎಂದರೆ ಜೋರಾದಾಗ ತಡೆಯುವ ಭಾಗ. ಬಹಳ ಜನ ಮರೆಯುವ, ಆದರೆ ಅಪ್‌ಡೇಟಿನಲ್ಲಿ ಮತ್ತೆ ಮತ್ತೆ ತಿದ್ದಲ್ಪಡುವ ಭಾಗ ಇದು. ಒಂದೇ ಮಟ್ಟದ ಸದ್ದು ಬೇಕೆಂದರೆ ಸ್ವರ ಅರ್ಧಕ್ಕಿಳಿದಾಗ ವೂಫರಿನ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. 80 ಹರ್ಟ್ಸಿನಲ್ಲಿ 1 ಮಿಲಿಮೀಟರ್ ಆದರೆ 40ರಲ್ಲಿ 4. ಐದಿಂಚಿನ ವೂಫರಿಗೆ ಇದು ತಡೆಯುವುದಿಲ್ಲ. ಹಾಗಾಗಿ ಮೆಲ್ಲಗೆ ಕೇಳುವಾಗ ಡಿಎಸ್‌ಪಿ ಬಾಸ್ ಏರಿಸುತ್ತದೆ, ಜೋರಾದಂತೆ ಹಿಂದಕ್ಕೆಳೆಯುತ್ತದೆ. ವಾರಂಟಿಗೆ ಬಂದ ವೂಫರುಗಳನ್ನು ನೋಡಿ ತಯಾರಕರು ಈ ಗೆರೆಯನ್ನು ಹೊಸ ವರ್ಷನ್ನಿನಲ್ಲಿ ಕೆಳಗೆ ತರಬಹುದು. ಗುರುತು ಸ್ಪಷ್ಟ: ಮೆಲ್ಲಗೆ ಕೇಳುವಾಗ ಮೊದಲಿನಂತೆಯೇ ಇರುತ್ತದೆ, ಜೋರು ಮಾಡಿದಾಗ ಮಾತ್ರ ಬಾಸ್ ತೆಳ್ಳಗಾಗುತ್ತದೆ. ಮದ್ದಳೆಯ ಎಡದ ಗುಂಕಿಯಲ್ಲಿ ಇದು ಬೇಗ ಸಿಕ್ಕಿಬೀಳುತ್ತದೆ.

ನಾಲ್ಕನೆಯದು ವಿಳಂಬ. ಕೆಲವು ಸ್ಪೀಕರುಗಳು ಫೇಸ್ (ಬೇರೆ ಬೇರೆ ಸ್ವರಗಳ ಹೊತ್ತಿನ ಹೊಂದಿಕೆ) ಕೆಡದಿರಲೆಂದು ಉದ್ದದ ಎಫ್‌ಐಆರ್ ಫಿಲ್ಟರ್ ಬಳಸುತ್ತವೆ. 48 ಕಿಲೋಹರ್ಟ್ಸಿನಲ್ಲಿ 4,096 ಸಂಖ್ಯೆಗಳ ಸಮ್ಮಿತ ಫಿಲ್ಟರ್ ಧ್ವನಿಯನ್ನು 42.7 ಮಿಲಿಸೆಕೆಂಡ್ ತಡಮಾಡುತ್ತದೆ. ಹಾಡು ಕೇಳಲಿಕ್ಕೆ ಅದರಿಂದ ಏನೂ ಬಾಧೆಯಿಲ್ಲ. ಟಿವಿಯ ಮುಂದೆ ಕೂತಾಗ ತುಟಿ ಮೊದಲು, ಮಾತು ಆಮೇಲೆ. ಅಂತಾರಾಷ್ಟ್ರೀಯ ಪ್ರಸಾರ ಮಾನದಂಡದ ಪ್ರಕಾರ ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಾದರೆ ಗೊತ್ತಾಗುತ್ತದೆ, ಹಿಂದಾದರೆ 125ರವರೆಗೆ ಕಣ್ಣು ಸಹಿಸುತ್ತದೆ. ಆದರೆ ಟಿವಿಯ ತಡವೂ ಸೇರಿದರೆ ಆ ಮಿತಿ ಬೇಗ ತುಂಬುತ್ತದೆ. ಇದಕ್ಕೆಂದೇ ಕೆಲವು ವರ್ಷನ್ನುಗಳಲ್ಲಿ ಕಡಿಮೆ ವಿಳಂಬದ ಮೋಡ್ ಸೇರಿಸುತ್ತಾರೆ. ಆ ಮೋಡ್ ಹಾಕಿದಾಗ ಫಿಲ್ಟರೇ ಬದಲಾಗಿರುತ್ತದೆ, ಎಂದರೆ ಧ್ವನಿಯೂ. ಉದ್ದದ ಫಿಲ್ಟರಿಗೆ ಇನ್ನೊಂದು ಬೆಲೆ ಉಂಟು. ಚೆಂಡೆಯ ಪೆಟ್ಟಿನ ಮುಂಚೆಯೇ ಅದರ ಸಣ್ಣ ನೆರಳು ಕೇಳಿಸಬಹುದು. ಚೆನ್ನಾಗಿ ಬರೆದ ಫಿಲ್ಟರಿನಲ್ಲಿ ಅದು ಕಿವಿಗೆ ಸಿಗುವುದಿಲ್ಲ, ಅವಸರದಲ್ಲಿ ಬರೆದದ್ದರಲ್ಲಿ ಪೆಟ್ಟಿನ ಚೂಪು ಮೊಂಡಾಗುತ್ತದೆ.

ಕೊನೆಗೆ ಎಡ–ಬಲದ ಹೊಂದಾಣಿಕೆ. ಎರಡೂ ಪೆಟ್ಟಿಗೆಯಲ್ಲಿ ಬೇರೆ ಬೇರೆ ಚಿಪ್ ಇರುವ ಜೋಡಿಯಲ್ಲಿ ಒಂದು ಹೊಸ ವರ್ಷನ್ನಿಗೆ ಹೋಗಿ ಇನ್ನೊಂದು ಹಳೆಯದರಲ್ಲೇ ಉಳಿದರೆ ವಿಳಂಬ ಬೇರೆಯಾಗುತ್ತದೆ. ಒಂದು ಮಿಲಿಸೆಕೆಂಡ್ ಎಂದರೆ ಒಂದು ಸ್ಪೀಕರನ್ನು 35 ಸೆಂಟಿಮೀಟರ್ ಹಿಂದೆ ಸರಿಸಿದ ಹಾಗೆ. ಭಾಗವತರ ದನಿ ನಡುವಿನಿಂದ ಎದ್ದು ಒಂದೇ ಬದಿಗೆ ಹೋಗಿ ಕೂರುತ್ತದೆ. ಮೋನೊ ರೆಕಾರ್ಡಿಂಗ್ ಒಂದನ್ನು ಹಾಕಿ ಎರಡಕ್ಕೂ ಸಮ ದೂರದಲ್ಲಿ ಕುಳಿತರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಬದಲಾದದ್ದು ಹೌದೋ ಅಲ್ಲವೋ

ಅಪ್‌ಡೇಟಿನ ನಂತರ ‘ಬೇರೆ ಕೇಳುತ್ತದೆ’ ಎಂದಾಗ ಮೊದಲು ಅನುಮಾನಿಸಬೇಕಾದ್ದು ಸೆಟ್ಟಿಂಗನ್ನು. ಗೋಡೆಯ ಹತ್ತಿರ, ಮೇಜಿನ ಮೇಲೆ, ಸಬ್‌ವೂಫರ್ ಇದೆ, ಕೋಣೆಯ ತಿದ್ದುಪಡಿ ಚಾಲೂ ಎಂಬ ಆಯ್ಕೆಗಳನ್ನು ಇಟ್ಟಿದ್ದ ಮೆಮೊರಿಯ ವಿನ್ಯಾಸ ಹೊಸ ವರ್ಷನ್ನಿನಲ್ಲಿ ಬದಲಾದರೆ ಹಳೆಯ ಮೌಲ್ಯಗಳನ್ನು ಓದಲಾಗದೆ ಸ್ಪೀಕರ್ ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ. ರೆಡ್ ಆಕ್ಸೈಡ್ ನೆಲ, ಬರಿ ಗೋಡೆಯ ಹಂಚಿನ ಮನೆಯಲ್ಲಿ ಗೋಡೆಗೆ ತಾಗಿಸಿಟ್ಟ ಸ್ಪೀಕರಿನ ತಿದ್ದುಪಡಿ ಅಳಿದುಹೋದರೆ ಬಾಸ್ ಕೂಡಲೇ ಗುಂಯ್‌ಗುಟ್ಟುತ್ತದೆ. ಎರಡನೆಯ ಅನುಮಾನ ಮಟ್ಟದ ಮೇಲೆ. ಒಂದು ಡಿಬಿ ಜೋರಾದರೆ ಅದು ‘ಜೋರು’ ಎಂದು ಕೇಳುವುದಿಲ್ಲ, ‘ಸ್ಪಷ್ಟ’ ಎಂದು ಕೇಳುತ್ತದೆ. ಕಿವಿಯ ಈ ಗುಣ ಯಾರಿಗೂ ತಪ್ಪಿದ್ದಲ್ಲ.

ಅಳೆಯುವುದು ಕಷ್ಟವಲ್ಲ. ಯುಎಂಐಕೆ-1ರಂತಹ ಯುಎಸ್‌ಬಿ ಮೈಕ್ ಮತ್ತು ಉಚಿತವಾಗಿ ಸಿಗುವ ರೂಮ್ ಈಕ್ಯೂ ವಿಝಾರ್ಡ್ ತಂತ್ರಾಂಶ ಸಾಕು. ಅಪ್‌ಡೇಟಿಗೆ ಮೊದಲು ಮೈಕನ್ನು ಟ್ವೀಟರಿನ ಎತ್ತರಕ್ಕೆ, ಒಂದು ಮೀಟರ್ ದೂರಕ್ಕೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಸ್ಟ್ಯಾಂಡ್ ಮತ್ತು ಸ್ಪೀಕರಿನ ಜಾಗವನ್ನು ನೆಲದಲ್ಲಿ ಟೇಪಿನಿಂದ ಗುರುತು ಮಾಡಿ. ಫ್ಯಾನ್ ನಿಲ್ಲಿಸಿ. 20ರಿಂದ 20,000 ಹರ್ಟ್ಸಿನವರೆಗೆ, 256ಕೆ ಉದ್ದದ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಏರುವ ಪರೀಕ್ಷಾ ಸ್ವರ) ಎರಡು ಸಲ, ಒಮ್ಮೆ 70 ಡಿಬಿ ಸುಮಾರಿಗೆ, ಒಮ್ಮೆ 85ಕ್ಕೆ. ಎಡ ಮತ್ತು ಬಲ ಬೇರೆ ಬೇರೆ. ಅಪ್‌ಡೇಟ್ ಆದ ಮೇಲೆ ಅದೇ ಜಾಗದಲ್ಲಿ ಅದೇ ನಾಲ್ಕು. ಗೆರೆಗಳು ಅರ್ಧ ಡಿಬಿಯೊಳಗೆ ಕೂಡಿಕೊಂಡರೆ ಬದಲಾವಣೆ ಇಲ್ಲ. ಗೆರೆ ಪೂರ್ತಿ ಒಂದೇ ಸಮ ಮೇಲೆ ಕೆಳಗೆ ಹೋದರೆ ಮಟ್ಟ ಮಾತ್ರ ಬದಲಾಗಿದೆ. 70ರಲ್ಲಿ ಒಂದೇ ಇದ್ದು 85ರಲ್ಲಿ ಬಾಸ್ ಬೇರೆಯಾದರೆ ಲಿಮಿಟರ್. ಒಂದು ಜಾಗದಲ್ಲಿ ಮಾತ್ರ ಉಬ್ಬು ಅಥವಾ ತಗ್ಗು ಬಂದರೆ ಫಿಲ್ಟರ್. ಮೈಕ್ ಇಲ್ಲದವರು ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಇರುವ ಮೊರೆತದ ಪರೀಕ್ಷಾ ಸದ್ದು) ಹಾಕಿ ಮೊಬೈಲಿನ ಆ್ಯಪಿನಲ್ಲಿ ಮಟ್ಟವನ್ನಾದರೂ ಬರೆದಿಡಬೇಕು. ಮೊಬೈಲಿನ ಅಂಕಿ ನಿಖರವಲ್ಲ, ಆದರೆ ಅದೇ ಮೊಬೈಲ್ ಅದೇ ಜಾಗದಲ್ಲಿದ್ದರೆ ಮೊದಲಿನದ್ದಕ್ಕೂ ಈಗಿನದ್ದಕ್ಕೂ ಹೋಲಿಸಲು ಸಾಕು.

ಅಪ್‌ಡೇಟ್ ಮಾಡುವ ಹೊತ್ತು

ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯದನ್ನು ಅಳಿಸಿದ ಮೇಲೆಯೇ ಹೊಸದನ್ನು ಬರೆಯಬೇಕು. ಒಂದೇ ಜಾಗವಿರುವ ಸ್ಪೀಕರಿನಲ್ಲಿ ಅಳಿಸಿ ಬರೆಯುವ ನಡುವೆ ಕರೆಂಟು ಹೋದರೆ ಒಳಗೆ ಅರ್ಧ ಕಾರ್ಯಕ್ರಮ ಮಾತ್ರ ಉಳಿಯುತ್ತದೆ. ಎರಡು ಜಾಗ ಇಟ್ಟ ವಿನ್ಯಾಸದಲ್ಲಿ ಹೊಸದನ್ನು ಪಕ್ಕದಲ್ಲಿ ಬರೆದು, ಪರೀಕ್ಷಿಸಿ, ಆಮೇಲೆ ಅತ್ತ ದಾಟುತ್ತದೆ. ಕರೆಂಟು ಹೋದರೂ ಹಳೆಯದು ಬದುಕಿರುತ್ತದೆ. ನಿಮ್ಮದು ಯಾವುದು ಎಂದು ಖಚಿತವಿಲ್ಲದಿದ್ದರೆ ಒಂದೇ ಜಾಗದ್ದು ಎಂದೇ ತಿಳಿದು ನಡೆಯಿರಿ.

ಕರಾವಳಿಯಲ್ಲಿ ಏಪ್ರಿಲಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ, ಮತ್ತೆ ಅಕ್ಟೋಬರಿನಲ್ಲಿ, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗುವುದು ಸಾಮಾನ್ಯ. ಆ ದಿನಗಳಲ್ಲಿ ಬೆಳಿಗ್ಗೆಯೇ ಮಾಡಿ ಮುಗಿಸಿ. ಜೂನ್, ಜುಲೈಯಲ್ಲಿ ಸಿಡಿಲು ಕಡಿಮೆ, ಆದರೆ ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬೀಳುತ್ತದೆ. ಎರಡೂ ಸ್ಪೀಕರ್, ರೂಟರ್, ಮೂರನ್ನೂ ಯುಪಿಎಸ್ಸಿಗೆ ಹಾಕಿ. ಹಾಡು ನಿಲ್ಲಿಸಿದಾಗ ಸ್ಪೀಕರ್ ಎಳೆಯುವುದು ಬಹಳ ಕಡಿಮೆ, ಕಂಪ್ಯೂಟರಿನ 600 ವಿಎ ಯುಪಿಎಸ್ ಬೇಕಾದಷ್ಟಾಯಿತು. ಮನೆಯ ಇನ್ವರ್ಟರನ್ನೇ ನಂಬುವುದಾದರೆ ಅದರಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ಹಾಕಿ. ಇಲ್ಲದಿದ್ದರೆ ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವ ಕ್ಷಣದ ಅಂತರದಲ್ಲೇ ಸ್ಪೀಕರ್ ರೀಸ್ಟಾರ್ಟ್ ಆಗಬಹುದು.

ಮೊದಲು ಈಗಿನ ವರ್ಷನ್ ನಂಬರ್ ಬರೆದಿಡಿ. ಆ್ಯಪಿನ ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ಕೋಣೆಯ ತಿದ್ದುಪಡಿಯ ಫೈಲನ್ನು ಹೊರಗೆ ತೆಗೆಯುವ ಅವಕಾಶವಿದ್ದರೆ ತೆಗೆದಿಡಿ. ಹೊಸ ವರ್ಷನ್ ಬಿಡುಗಡೆಯಾದ ದಿನವೇ ಹಾಕುವ ಅವಸರ ಬೇಡ. ಭದ್ರತೆಗೆ ಸಂಬಂಧಿಸಿದ್ದಲ್ಲದಿದ್ದರೆ ಎರಡು ವಾರ ಕಾದರೆ ತಪ್ಪುಗಳು ತಾವೇ ಬಯಲಾಗುತ್ತವೆ. ಸಾಧ್ಯವಾದರೆ ವೈಫೈಗಿಂತ ಲ್ಯಾನ್ ಕೇಬಲ್. ಎಡ–ಬಲವನ್ನು ಕೂಡಿಸುವ ಕೇಬಲ್ ಇದ್ದರೆ ಅದನ್ನು ಹಾಕಿಯೇ ಶುರು ಮಾಡಿ, ಆಗ ಎರಡೂ ಒಟ್ಟಿಗೆ ಹೊಸದಾಗುತ್ತವೆ.

ಪೆನ್‌ಡ್ರೈವಿನಿಂದ ಮಾಡುವ ಸ್ಪೀಕರುಗಳಲ್ಲಿ ಎಡವುವುದು ಸಣ್ಣ ವಿಷಯಗಳಲ್ಲಿ. ಡ್ರೈವ್ 32 ಜಿಬಿ ಅಥವಾ ಅದಕ್ಕಿಂತ ಚಿಕ್ಕದು, ಫ್ಯಾಟ್32 ಫಾರ್ಮ್ಯಾಟ್. ಎಕ್ಸ್‌ಫ್ಯಾಟ್ ಆದರೆ ಎಷ್ಟೋ ಸ್ಪೀಕರುಗಳಿಗೆ ಕಾಣುವುದೇ ಇಲ್ಲ. ಫೈಲ್ ಯಾವ ಫೋಲ್ಡರಿನ ಒಳಗೂ ಇರಬಾರದು, ಹೆಸರು ಬದಲಾಗಬಾರದು. ಎರಡು ಸಲ ಡೌನ್‌ಲೋಡ್ ಆದಾಗ ಹೆಸರಿನ ಕೊನೆಗೆ ತಾನೇ ಸೇರಿಕೊಳ್ಳುವ 1 ಎಂಬ ಅಂಕಿಯೂ ತೊಂದರೆ ಕೊಡುತ್ತದೆ. ಮ್ಯಾಕಿನಿಂದ ನಕಲು ಮಾಡಿದರೆ ಚುಕ್ಕೆಯಿಂದ ಶುರುವಾಗುವ ಅಡಗಿದ ಫೈಲುಗಳು ಜೊತೆಗೆ ಬರುತ್ತವೆ, ಅವನ್ನು ಅಳಿಸಿ. ತಯಾರಕರು ಚೆಕ್‌ಸಮ್ ಕೊಟ್ಟಿದ್ದರೆ ಹೋಲಿಸಿ ನೋಡಿ.

ಶುರುವಾದ ಮೇಲೆ ಏನನ್ನೂ ಮುಟ್ಟಬೇಡಿ. ದೀಪ ಮಿನುಗುವುದು ನಿಂತಿತೆಂದು ಸ್ವಿಚ್ ಆರಿಸುವುದು ಸ್ಪೀಕರನ್ನು ಕೆಡಿಸುವ ಕೆಲಸ. ಒಂದು ಚಿಪ್ ಮುಗಿದು ಮುಂದಿನದ್ದಕ್ಕೆ ಹೋಗುವಾಗ ದೀಪ ಒಂದೆರಡು ನಿಮಿಷ ಸುಮ್ಮನಿರಬಹುದು. ಕೈಪಿಡಿ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಹೆಚ್ಚು ಕಾಯಿರಿ. ಆಗಲೂ ಏಳದಿದ್ದರೆ ಪ್ಲಗ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಹೆಚ್ಚಿನ ಚಿಪ್ಪುಗಳಲ್ಲಿ ಬೂಟ್‌ಲೋಡರ್ ಅಳಿಸಲಾಗದ ಜಾಗದಲ್ಲಿರುತ್ತದೆ, ಕೈಪಿಡಿಯಲ್ಲಿ ಹೇಳಿದ ಬಟನ್ ಒತ್ತಿ ಹಿಡಿದು ಪ್ಲಗ್ ಹಾಕಿದರೆ ಅದು ಎದ್ದು ಮತ್ತೆ ಫೈಲ್ ಕೇಳುತ್ತದೆ. ಅದೂ ಆಗದಿದ್ದರೆ ಬೋರ್ಡಿನ ಮೇಲಿನ ಸರ್ವಿಸ್ ಪಿನ್ನುಗಳಿಂದಲೇ ಬರೆಯಬೇಕು, ಅದು ಸರ್ವಿಸ್ ಸೆಂಟರಿನ ಕೆಲಸ. ಪೆಟ್ಟಿಗೆ ನೀವೇ ಬಿಚ್ಚಬೇಡಿ, ಪವರ್ ಸಪ್ಲೈಯ ಕೆಪಾಸಿಟರಿನಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟಿನಷ್ಟು ಉಳಿದಿರಬಹುದು.

ಮುಗಿದ ಮೇಲೆ ಎರಡೂ ಪೆಟ್ಟಿಗೆಯ ವರ್ಷನ್ ಒಂದೇ ಇದೆಯೇ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೆಟ್ಟಿಂಗುಗಳನ್ನು ಒಂದೊಂದಾಗಿ ಮರಳಿ ಹಾಕಿ, ಮೋನೊ ಪರೀಕ್ಷೆ ಮಾಡಿ, ಸ್ವೀಪ್ ತೆಗೆಯಿರಿ. ಹೊಸ ಲಿಮಿಟರ್ ಇಷ್ಟವಾಗದೆ ಹಿಂದಕ್ಕೆ ಹೋಗಬೇಕೆಂದರೆ ಎಲ್ಲ ಸ್ಪೀಕರುಗಳೂ ಬಿಡುವುದಿಲ್ಲ. ಕೆಲವು ಹಳೆಯ ವರ್ಷನ್ನಿನ ಸಹಿಯನ್ನು ಒಪ್ಪುವುದೇ ಇಲ್ಲ. ಹಿಂದೆ ಹೋಗಲು ಬಿಡುವಂಥದ್ದಾದರೂ ಹಳೆಯ ಫೈಲ್ ತಯಾರಕರ ಪುಟದಲ್ಲಿ ಉಳಿದಿರುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ಈಗ ಓಡುತ್ತಿರುವ ವರ್ಷನ್ನಿನ ಫೈಲನ್ನು ಹೊಸದು ಬರುವ ಮೊದಲೇ ಇಳಿಸಿ, ಸ್ವೀಪಿನ ಫೈಲುಗಳ ಜೊತೆ ಒಂದೇ ಫೋಲ್ಡರಿನಲ್ಲಿ, ತಾರೀಕು ಹಾಕಿ ಇಟ್ಟುಕೊಳ್ಳಿ.